ಷರಾ

ಹಿಲೋ ಊರಿನ ಆಚೆ, ಕಬ್ಬಿನ ಗದ್ದೆ ಮುಗಿಯುವಲ್ಲಿ,
ಮುಚ್ಚಿಹೋದ ಆಸ್ಪತ್ರೆಯ ತಗಡಿನ ವಾರ್ಡಿನಲ್ಲಿ
ಹನ್ನೊಂದು ವಾರ ಕನ್ನಡ ಕಲಿಸಿದೆ
ಇಪ್ಪತ್ತೆಂಟು ಮಂದಿ ಅಮೆರಿಕನ್ನರಿಗೆ.
ಅರವತ್ತಾರನೇ ಇಸವಿ. ಪುಸ್ತಕದಲ್ಲಿ ಮೈಸೂರಿನ ಕನ್ನಡ,
ನನ್ನ ಬಾಯಲ್ಲಿ ಗದಗಿನದು.
'ಹೋಗುತ್ತೇನೆ' ಎಂದು ಅಚ್ಚಾದದ್ದನ್ನು
ಎಲ್ಲರೂ 'ಹೊಕ್ಕೇನ್ರಿ' ಎಂದೇ ಓದಿದರು.
ಯಾರೂ ತಪಾಸಣೆಗೆ ಬರಲಿಲ್ಲ.

ದ್ವೀಪ ಆರಿಸಿದವರ ಲೆಕ್ಕ ಸರಳ:
ಸೆಖೆ ಇದೆ, ಸೊಳ್ಳೆ ಇದೆ,
ಎಮ್ಮೆ ಎರಡು ತರಿಸಿದರೆ ಇಂಡಿಯಾ ಆಯಿತು.
ನಮ್ಮ ಕಡೆ ಇಷ್ಟು ಮಳೆ ಇಲ್ಲ, ಎಂದೆ.
ಕಾಲಡಿಗೆ ಎರೆಮಣ್ಣು, ಹೀಗೆ ಬೆಂಕಿ ಉಗುಳಿದ ಕಲ್ಲಲ್ಲ, ಎಂದೆ.
ಡೈರೆಕ್ಟರು ಬರೆದುಕೊಂಡರು.
ಮಳೆ ನಿಲ್ಲಲಿಲ್ಲ.

ಮುಂಜಾನೆ ಐದಕ್ಕೆ ಓಟ. ಆಮೇಲೆ ಕೋಳಿ ಸಾಕಣೆ.
ಆಮೇಲೆ ನಾನು: ಟ, ಡ, ಣ, ಳ.
ನಾಲಗೆ ಮಡಿಸಿ ಅಂಗುಳಕ್ಕೆ ತಾಗಿಸಿ ಬಿಡಿ,
ಹಪ್ಪಳದ ಚೂರು ಅಂಟಿದೆ, ಬಿಡಿಸುತ್ತಿದ್ದೀರಿ, ಹಾಗೆ.
ಹಪ್ಪಳ ಅಂದರೇನು, ಮಾಸ್ತರ?
ಅರ್ಧ ಗಂಟೆ ಅದಕ್ಕೇ ಹೋಯಿತು.
ಅಡುಗೆಯ ಮಿಸೆಸ್ ಕಹಾಲೆ, ನನಗೆ ಕಹಾಲೆಬಾಯಿ,
ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡು ನಗುತ್ತಿದ್ದಳು:
ನಮ್ಮ ಭಾಷೆಗೆ ವ್ಯಂಜನ ಎಂಟೇ.
ಆ ಎಂಟಕ್ಕೂ ನಮ್ಮಪ್ಪನಿಗೆ ಶಾಲೆಯಲ್ಲಿ ಏಟು ಬಿದ್ದವು.
ಅನ್ನದ ತಪ್ಪಲೆ ಎತ್ತಿಕೊಂಡು ಒಳಗೆ ಹೋದಳು.

ನೆಬ್ರಾಸ್ಕಾದ ಎಲ್ಡನ್ ವಾವ್ರಾ ಹಿಂದಿನ ಬೆಂಚು.
ಕೇಳಿದರೆ ಮಾತ್ರ ಮಾತು,
ಅದೂ ಒಂದು ಗುಟುಕು ತಡೆದು.
ಆದರೆ ಅವನ ಳ!
'ಕೋಳಿ' ಎಂದರೆ ಬಾಯೊಳಗೇ ಒಂದು ರೆಕ್ಕೆ ಮಡಚಿಕೊಂಡಂತೆ.
ಉಳಿದವರ ಕೈಯಲ್ಲಿ ಚೀರುವ ಮರಿಗಳು
ಇವನ ಅಂಗೈಯಲ್ಲಿ ಕಣ್ಣು ಮುಚ್ಚುತ್ತಿದ್ದವು.
ಕತ್ತು ಮುರಿಯುವ ಪಾಠದ ದಿನ
ಹುಡುಗರು ನಕ್ಕರು, ಒಬ್ಬಳು ಅತ್ತಳು.
ಇವನು ಕೆಲಸ ಮುಗಿಸಿ, ಕೈ ತೊಳೆದು, ಬಂದು ಕೇಳಿದ:
'ಸತ್ತತು' ಅನ್ನಬೇಕೋ, 'ಕೊಂದೆ' ಅನ್ನಬೇಕೋ, ಮಾಸ್ತರ?
ವ್ಯಾಕರಣಕ್ಕೆ ಎರಡೂ ಸರಿ, ಎಂದೆ.

ಎಂಟನೇ ವಾರ ಮನೋವೈದ್ಯರು
ತಲೆಗೊಂದು ಗುಲಾಬಿ ಹಾಳೆ ಹಂಚಿದರು.
ಉಚ್ಚಾರ, ವ್ಯಾಕರಣ, ಹಾಜರಿ. ಕೊನೆಗೆ ಷರಾ.
ವಾವ್ರಾನಿಗೆ ನೂರಕ್ಕೆ ತೊಂಬತ್ತು ಹಾಕಿದೆ.
ಅಕ್ಕನ ಮಗನಿಗೆ ಕನ್ಯೆ ನೋಡಲು ಹೋದಾಗ
ಬೀಗರ ಮುಂದೆ, ಅವಲಕ್ಕಿ ತಟ್ಟೆ ಬದಿಗಿಟ್ಟು ಆಡಿದ ಮಾತನ್ನೇ
ಇಂಗ್ಲಿಷಿಗಿಳಿಸಿ ಷರಾದಲ್ಲಿ ಬರೆದೆ:
ಹುಡುಗ ಬಹಳ ಮೌನಿ. ತನ್ನಷ್ಟಕ್ಕೆ ತಾನಿರುವವನು.
ಅದೇ ಮಾತಿಗೆ ಅಲ್ಲಿ ಎಲೆ ಅಡಿಕೆ ಬದಲಾಗಿತ್ತು.

ಗುರುವಾರ ಅವನ ಮಂಚ ಖಾಲಿ.
ಕಂಬಳಿ ನಾಲ್ಕು ಮಡಿಕೆ. ಅದರ ಮೇಲೆ ಪುಸ್ತಕ,
ನನ್ನ ಪೆನ್ಸಿಲ್ಲು, ನಾನು ಮರೆತೇ ಹೋಗಿದ್ದ ಪೆನ್ಸಿಲ್ಲು.
ಒಳಗೇ ಕದ ಹಾಕಿಕೊಂಡ ಹುಡುಗ, ಅಂದರು ವೈದ್ಯರು,
ಅಷ್ಟು ದೂರ ಕಳಿಸಿದರೆ ಕುಸಿಯುತ್ತಾನೆ.
ನಮಗೂ ಅನುಮಾನವಿತ್ತು,
ನಿಮ್ಮ ಷರಾ ನೋಡಿ ಖಾತ್ರಿಯಾಯಿತು. ಥ್ಯಾಂಕ್ಸ್.
ನಮ್ಮಲ್ಲಿ ಅದು ಹೊಗಳಿಕೆ, ಎಂದೆ.
ಅವರು ಗಡಿಯಾರ ನೋಡಿದರು.
ರಾತ್ರಿಯ ವಿಮಾನ ಆಗಲೇ ಹೊನೊಲುಲು ದಾಟಿತ್ತು.

ಅಂದಿನ ಪಾಠ ಭೂತಕಾಲ.
'ಎಲ್ಡನ್ ಹೋದ' ಎಂದಳು ಮುಂದಿನ ಬೆಂಚಿನ ಪ್ಯಾಟ್ರಿಸ್.
ಸರಿ, ಎಂದೆ.
'ಎಲ್ಡನ್‌ನನ್ನು ಕಳಿಸಿದರು' ಎಂದ ಇನ್ನೊಬ್ಬ.
ಸರಿ.
'ಕಳಿಸಿದೆ' ಎಂಬುದು ಅದೇ ಪುಟದಲ್ಲಿತ್ತು,
ಉತ್ತಮ ಪುರುಷ, ಏಕವಚನ.
ಯಾರಿಂದಲೂ ಓದಿಸದೆ ಪುಟ ತಿರುವಿದೆ.

ಮಧ್ಯಾಹ್ನ ಕಹಾಲೆಬಾಯಿ ಇಪ್ಪತ್ತೆಂಟು ತಟ್ಟೆಯನ್ನೇ ಇಟ್ಟಳು.
ಅವಳಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಕೋಳಿಗೂಡಿಗೆ ಹೋಗಿ ಒಂದು ಮರಿ ಎತ್ತಿಕೊಂಡೆ.
ಚೀರಿತು. ಕೆಳಗಿಟ್ಟೆ.
ತಗಡಿನ ಮೇಲೆ ಮತ್ತೆ ಮಳೆ.
ಯಾರಿಗೂ ಕೇಳದ ಹಾಗೆ 'ಕೋಳಿ' ಎಂದು ನೋಡಿದೆ, ಎರಡು ಸಲ.
ನನ್ನ ಳ
ಅಷ್ಟು ಮೆತ್ತಗಿಲ್ಲ.